ಕಿಡಿಗೇಡಿ ಅಂದರೆ ಯಾರು, ತಮ್ಮಾ?

ತಮ್ಮಾ,

ನಿನ್ನ ಲೇಖನ ಬಂದು ಹದಿನೈದು ದಿನವಾಯಿತು. ಎರಡು ಸಲ ಓದಿದೆ. ‘ಕಾಡಿಗೆ ಕೊಳ್ಳಿ ಇಟ್ಟವರಿಗೆ ಗಲ್ಲೇ ಗತಿ’ ಅಂತ ಹೆಸರಿಟ್ಟು ಹನ್ನೊಂದು ಪುಟ ಬರೆದಿದ್ದೀಯ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಕೊನೆಯವರೆಗೆ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಹಾಗಂತ ಸುಮ್ನೆ ವಾಪಸ್ ಕಳಿಸುವಂಥ ಬರಹವೂ ಅಲ್ಲ. ಅದಕ್ಕೇ ಇಷ್ಟು ಉದ್ದದ ಕಾಗದ. ಬೇರೆಯವರಿಗೂ ಉಪಯೋಗವಾಗಲಿ ಅಂತ ‘ಬರಹಗಾರರಿಗೆ ಸಲಹೆ’ ಪುಟದಲ್ಲೇ ಹಾಕುತ್ತಿದ್ದೇನೆ. ನಿನ್ನ ಹೆಸರು, ಊರು ಹಾಕಿಲ್ಲ.

ಓದುಗರಿಗೆ ನೀನು ಹೇಳಿದ್ದು ಏನು ಅಂತ ಗೊತ್ತಾಗಬೇಕಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದದ್ದರಿಂದ ನೀನು ಶುರು ಮಾಡುತ್ತೀಯ. ನಮ್ಮ ಸತ್ಯಮಂಗಲದ ಕಾಡಿಗೆ ಬಂದು, ಕಾನೂನು ಸಡಿಲವಾಗಿದೆ ಅನ್ನುತ್ತೀಯ. ಬೆಂಕಿ ಇಟ್ಟವರಿಗೆ ಗಲ್ಲು ಆಗಬೇಕು, ಅವರ ಊರಿಗೇ ದನ ಮೇಯಿಸುವ ಹಕ್ಕು ನಿಲ್ಲಿಸಬೇಕು, ಕಾಡಿನಲ್ಲೇ ಸಿಕ್ಕಿಬಿದ್ದರೆ ‘ಜನರೇ ನೋಡಿಕೊಳ್ಳಲಿ’ ಅಂತ ಮುಗಿಸುತ್ತೀಯ.

ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ‘ಕಿಡಿಗೇಡಿಗಳು’ ಅನ್ನುವ ಪದ 31 ಸಲ ಬಂದಿದೆ. ಇದು ಪೇಪರಿನವರ ಪದ. ಬಸ್ಸಿಗೆ ಕಲ್ಲು ಹೊಡೆದವನೂ ಕಿಡಿಗೇಡಿ, ಗೋಡೆಗೆ ಮಸಿ ಬಳಿದವನೂ ಕಿಡಿಗೇಡಿ, ಕಾಡಿಗೆ ಬೆಂಕಿ ಇಟ್ಟವನೂ ಕಿಡಿಗೇಡಿ. ಯಾರು ಅಂತ ಗೊತ್ತಿಲ್ಲದಾಗ ವರದಿಗಾರ ಈ ಪದ ಬರೆದು ಮನೆಗೆ ಹೋಗುತ್ತಾನೆ. ಪಾಪ, ಅವನ ಪುಟ ರಾತ್ರಿಯೇ ಅಚ್ಚಿಗೆ ಹೋಗಬೇಕು. ನಿನಗೆ ಅಂಥ ಅವಸರ ಏನಿತ್ತು?

ಆ ಪದ ಇಲ್ಲದ ಕಡೆ ‘ಬೆಂಕಿ ಹಚ್ಚಲಾಗಿದೆ’, ‘ಕಾಡನ್ನು ನಾಶಪಡಿಸಲಾಗುತ್ತಿದೆ’ ಅಂದಿದ್ದೀಯ. ಈ ‘ಲಾಗಿದೆ’ ಬಂದ ತಕ್ಷಣ ಕೆಲಸ ಮಾಡಿದವನು ವಾಕ್ಯದಿಂದ ಎದ್ದು ಹೋಗಿಬಿಡುತ್ತಾನೆ. ನಮ್ಮ ಹಳ್ಳಿಗಳಲ್ಲಿ ಜನ ಇದನ್ನು ಹೇಗೆ ಹೇಳುತ್ತಾರೆ, ನೆನಪು ಮಾಡಿಕೊ. ‘ಗುಡ್ಡಕ್ಕೆ ಬೆಂಕಿ ಬಿತ್ತು.’ ಮಳೆ ಬಿತ್ತು, ಮಂಜು ಬಿತ್ತು ಅಂದ ಹಾಗೆ. ಪೇಪರಿನವರಿಗೆ ಯಾರು ಅಂತ ಗೊತ್ತಿಲ್ಲ, ಅದಕ್ಕೆ ಕಿಡಿಗೇಡಿ. ಊರಿನವರಿಗೆ ಯಾರು ಅಂತ ಗೊತ್ತು, ಅದಕ್ಕೆ ‘ಬಿತ್ತು’. ಶಿಕ್ಷೆ ಎಷ್ಟು ಅನ್ನುವ ಮಾತು ಆಮೇಲೆ. ಆ ಕ್ರಿಯಾಪದಕ್ಕೆ ಕರ್ತೃ ಯಾರು ಅಂತ ಮೊದಲು ಬರೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ನನಗೆ ಆಗ ಹನ್ನೆರಡು ವರ್ಷ. ಯುಗಾದಿಗೆ ಮುಂಚೆ ಬದುವಿನ ಒಣ ಹುಲ್ಲು ಸುಟ್ಟು ಬಾ ಅಂತ ಅಪ್ಪ ಹೊಲಕ್ಕೆ ಕಳಿಸಿದ್ದರು. ಮಧ್ಯಾಹ್ನ ಗಾಳಿ ತಿರುಗಿತು. ಬೆಂಕಿ ಬೇಲಿ ದಾಟಿ ಪಕ್ಕದ ಹೊಲದ ದೊಡ್ಡಪ್ಪನ ರಾಗಿ ಹುಲ್ಲಿನ ಮೆದೆಗೆ ಹತ್ತಿತು. ಅಲ್ಲಿಂದ ಗುಡ್ಡದ ಅಂಚಿಗೆ. ಸಂಜೆವರೆಗೆ ಊರೆಲ್ಲ ಸೇರಿ ಹಸಿ ಸೊಪ್ಪಿನಲ್ಲಿ ಬಡಿದು ಆರಿಸಿದರು. ನಾನು ಮಾರಮ್ಮನ ಗುಡಿ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ರಾತ್ರಿ ನ್ಯಾಯ ಸೇರಿತು. ನಮ್ಮ ಮೆದೆಯ ಅರ್ಧ ಹುಲ್ಲು ದೊಡ್ಡಪ್ಪನ ಮನೆಗೆ ಹೋಯಿತು. ಮಳೆ ಬರುವ ತನಕ ಅವರ ದನಗಳನ್ನು ನಾನೇ ಮೇಯಿಸಬೇಕು ಅಂತಾಯಿತು. ಆ ಬೇಸಿಗೆಯೆಲ್ಲ ದಿನಾ ಆ ಕರೀ ಗುಡ್ಡದ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಮೇಯಲು ಒಂದು ಎಳೆ ಇರಲಿಲ್ಲ. ಆಚೆ ಹಳ್ಳದವರೆಗೆ ನಡೆಯಬೇಕಿತ್ತು. ಕಾಲೆಲ್ಲ ಮಸಿ. ನಿನ್ನ ಲೇಖನದ ಪ್ರಕಾರ ನನಗೆ ಆವತ್ತೇ ಗಲ್ಲಾಗಬೇಕಿತ್ತು. ಈ ಪತ್ರಿಕೆಗೆ ಬೇರೆ ಸಂಪಾದಕರು ಸಿಗುತ್ತಿದ್ದರೋ ಏನೋ.

ಇದು ಹಳ್ಳಿ ಕಟ್ಟೆಯ ನ್ಯಾಯ, ದೊಡ್ಡ ದೇಶಗಳಲ್ಲಿ ನಡೆಯುವುದಿಲ್ಲ ಅನ್ನಬೇಡ. 2017ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ 15 ವರ್ಷದ ಹುಡುಗನೊಬ್ಬ ಕಣಿವೆಗೆ ಪಟಾಕಿ ಎಸೆದ. ಸುಮಾರು 48,000 ಎಕರೆ ಸುಟ್ಟಿತು. ಕೋರ್ಟು ಅವನನ್ನು ಐದು ವರ್ಷ ನಿಗಾದಲ್ಲಿ ಇಟ್ಟಿತು. ಅರಣ್ಯ ಇಲಾಖೆಯ ಜೊತೆ 1,920 ಗಂಟೆ ಕೆಲಸ ಮಾಡಬೇಕು, 152 ಕ್ಷಮೆ ಪತ್ರ ಬರೆಯಬೇಕು ಅಂತ ಹೇಳಿತು. ಜೊತೆಗೆ 3.6 ಕೋಟಿ ಡಾಲರಿಗೂ ಜಾಸ್ತಿ ಪರಿಹಾರ. ಹತ್ತು ವರ್ಷ ಕಂತು ತಪ್ಪದೆ ಕಟ್ಟಿ, ಬೇರೆ ತಪ್ಪು ಮಾಡದೆ ಇದ್ದರೆ ಉಳಿದದ್ದನ್ನು ನಿಲ್ಲಿಸಬಹುದು. ಆ ಕೋಟಿಗಳ ಲೆಕ್ಕ ನನಗೆ ಅರ್ಥವಾಗಲಿಲ್ಲ, ಯಾವ ಹುಡುಗ ಅಷ್ಟು ಕಟ್ಟುತ್ತಾನೆ? 1,920 ಗಂಟೆಯ ಲೆಕ್ಕ ಮಾತ್ರ ಚೆನ್ನಾಗಿ ಅರ್ಥವಾಯಿತು. ದನ ಕಾದವನಲ್ಲವಾ ನಾನು.

ಅದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡು. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಅನ್ನುವ ಊರು ಸುಟ್ಟು 85 ಜನ ಸತ್ತರು. ಕಾರಣ ವಿದ್ಯುತ್ ಕಂಪನಿಯ ಹಳೇ ಗೋಪುರದ ಸವೆದುಹೋದ ಒಂದು ಕೊಕ್ಕೆ. ಕಂಪನಿ 2020ರಲ್ಲಿ 84 ಸಾವುಗಳಿಗೆ ತಾನೇ ಹೊಣೆ ಅಂತ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಸತ್ತವರ, ಮನೆ ಕಳೆದುಕೊಂಡವರ ಪರಿಹಾರ ಬೇರೆ, ಆದರೆ ಆ ಅಪರಾಧಕ್ಕೆ ಬಿದ್ದ ದಂಡ ಸುಮಾರು 35 ಲಕ್ಷ ಡಾಲರ್. ಜೈಲಿಗೆ ಒಬ್ಬರೂ ಹೋಗಲಿಲ್ಲ. ನಿನ್ನ ಗಲ್ಲಿನ ಹಗ್ಗವನ್ನು ಇಲ್ಲಿ ಯಾರ ಕೊರಳಿಗೆ ಹಾಕುತ್ತೀಯ? ಕೊಕ್ಕೆಗಾ?

ಇನ್ನು ಕಾನೂನು. ‘ನಮ್ಮಲ್ಲಿ ಕಾಡಿಗೆ ಬೆಂಕಿ ಇಟ್ಟರೆ ಬರೀ 500 ರೂಪಾಯಿ ದಂಡ’ ಅಂತ ಬರೆದು ಮೂರು ಆಶ್ಚರ್ಯ ಚಿಹ್ನೆ ಹಾಕಿದ್ದೀಯ. ಅದು 1927ರ ಭಾರತೀಯ ಅರಣ್ಯ ಕಾಯ್ದೆಯ 26ನೇ ಕಲಮು. ಅದರಲ್ಲೂ ಆರು ತಿಂಗಳವರೆಗೆ ಜೈಲು ಇದೆ, ಹಾನಿಗೆ ಪರಿಹಾರ ಬೇರೆ ಇದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ ಆ ಕಾಯ್ದೆ ನಮ್ಮ ಕಡೆ ನಡೆಯುವುದೇ ಇಲ್ಲ. ನಾವು ಮನೆಯಲ್ಲಿ ಕನ್ನಡ ಮಾತಾಡಿದರೂ ತಾಳವಾಡಿ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ಇಲ್ಲಿ ಮದ್ರಾಸಿನ ಕಾಲದ 1882ರ ಅರಣ್ಯ ಕಾಯ್ದೆ. ಗುಡ್ಡದ ಆಚೆ ಚಾಮರಾಜನಗರದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ. ಬೆಂಕಿ ಒಂದೇ, ಗಡಿ ಕಲ್ಲು ದಾಟಿದರೆ ಕಾಯ್ದೆ ಬೇರೆ. ಗಡಿಯಲ್ಲಿ ಹುಟ್ಟಿದವನು ಬರೆಯಬೇಕಾದ ವಾಕ್ಯ ಅದು, ನೀನು ಬಿಟ್ಟುಬಿಟ್ಟೆ.

ಎರಡೂ ಕಡೆ ನಡೆಯುವುದು 1972ರ ವನ್ಯಜೀವಿ ಕಾಯ್ದೆ. ಅಭಯಾರಣ್ಯಕ್ಕೆ ಬೆಂಕಿ ಹಾಕುವುದು, ಅಪಾಯವಾಗುವ ಹಾಗೆ ಉರಿಯುವ ಬೆಂಕಿ ಬಿಟ್ಟು ಬರುವುದು ಅದರ 30ನೇ ಕಲಮಿನಲ್ಲಿ ಅಪರಾಧ. ಸತ್ಯಮಂಗಲದ ಕಾಡು 2013ರಿಂದ ಹುಲಿ ಮೀಸಲು. ಹುಲಿ ಮೀಸಲಿನ ಕೋರ್ ಪ್ರದೇಶದಲ್ಲಿ, ಅಂದರೆ ನಡುಗಾಡಿನಲ್ಲಿ, ಅಪರಾಧ ಮೊದಲ ಸಲ ಸಾಬೀತಾದರೆ ಕಡಿಮೆ ಅಂದರೂ 3 ವರ್ಷ, ಜಾಸ್ತಿ ಅಂದರೆ 7 ವರ್ಷ ಜೈಲು. ಕಾಗದದ ಮೇಲೆ ಕಾನೂನು ಗಟ್ಟಿಯಾಗೇ ಇದೆ. ಕೈಗೆ ಸಿಗುವವನೇ ಇಲ್ಲ.

ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ನೀನು ಒಂದು ಪುಟವಾದರೂ ಕೊಡಬೇಕಿತ್ತು. ಡೆಹ್ರಾಡೂನಿನ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದಿಂದ ನೋಡಿ ಬೆಂಕಿ ಎಚ್ಚರಿಕೆ ಕಳಿಸುತ್ತದೆ. ಉಪಗ್ರಹಕ್ಕೆ ಕಾಣುವುದು 375 ಮೀಟರ್ ಉದ್ದಗಲದ ಒಂದು ಬಿಸಿ ಚೌಕ. ಕಡ್ಡಿ ಗೀರಿದ ಕೈ ಅದಕ್ಕೆ ಕಾಣುವುದಿಲ್ಲ. ಗಾರ್ಡ್ ನಡೆದು ಹೋಗುವಷ್ಟರಲ್ಲಿ ಕಡ್ಡಿಯೂ ಬೂದಿ, ಹೆಜ್ಜೆಯೂ ಬೂದಿ. ನಿನ್ನ ಬರಹದಲ್ಲಿ ನನಗೆ ತುಂಬ ಹಿಡಿಸಿದ ಸಾಲು ಇಲ್ಲೇ ಇದೆ, ಏಳನೇ ಪುಟದಲ್ಲಿ. ಒಣಗಿದ ಆನೆ ಲದ್ದಿಯೊಳಗೆ ಇಟ್ಟ ಕೆಂಡ ಒಳಗೊಳಗೇ ಕನಲಿ, ಇಟ್ಟವನು ಮನೆಗೆ ಹೋಗಿ ಉಂಡು ಮಲಗಿದ ಮೇಲೆ ಹೊತ್ತಿಕೊಳ್ಳುತ್ತದೆ ಅಂತ ಊರವರು ಆಡಿಕೊಳ್ಳುವುದನ್ನು ಬರೆದಿದ್ದೀಯ. ಕಾಡಿನ ಅಂಚಿನಲ್ಲಿ ಬೆಳೆದವನಿಗೆ ಮಾತ್ರ ಸಿಗುವ ಸಾಲು. ಅದನ್ನು ಬರೆದವನೇ ಮುಂದಿನ ಪುಟದಲ್ಲಿ ‘ಪ್ರಕೃತಿ ಮಾತೆಯ ಮಡಿಲಿಗೆ ಕೊಳ್ಳಿ’ ಅಂತ ಯಾಕೆ ಬರೆದ?

ಆ ಕೆಂಡದವನೂ ನಾನೂ ಒಂದೇ ಅಲ್ಲ. ಏನಾಗುತ್ತದೆ ಅಂತ ಅವನಿಗೆ ಗೊತ್ತು. ಗಾರ್ಡ್ ಮೇಲಿನ ಸಿಟ್ಟಿಗೋ ಇನ್ಯಾವುದಕ್ಕೋ ಇಡುತ್ತಾನೆ. ಆರಿಸಲು ದಿನಗೂಲಿಯ ಒಬ್ಬ ವಾಚರ್ ಓಡಿ ಬರುತ್ತಾನೆ ಅನ್ನುವುದೂ ಗೊತ್ತು. 2020ರ ಫೆಬ್ರವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ ಬೆಂಕಿ ಆರಿಸಲು ಹೋದ ಮೂವರು ವಾಚರ್‌ಗಳು ಸುಟ್ಟು ಸತ್ತರು. ಬೇಕಂತಲೇ ಇಡುವವನು ವರ್ಷಗಟ್ಟಲೆ ಒಳಗಿರಲಿ, ನನ್ನ ತಕರಾರಿಲ್ಲ. ಈ ವಿಷಯದಲ್ಲಿ ನಿನ್ನ ಸಿಟ್ಟೇ ನನ್ನದೂ. ಆದರೆ ಗಲ್ಲು ಹೊಸ ಯೋಚನೆ ಅಂದುಕೊಳ್ಳಬೇಡ. ಸಿರಿಯಾ ದೇಶ ಹಿಂದಿನ ವರ್ಷದ ಕಾಡ್ಗಿಚ್ಚಿಗಾಗಿ 2021ರ ಅಕ್ಟೋಬರಿನಲ್ಲಿ 24 ಜನರಿಗೆ ಮರಣದಂಡನೆ ಕೊಟ್ಟಿತು. ಎಲ್ಲಿ, ಹೇಗೆ ಅಂತ ಹೇಳಲಿಲ್ಲ. ಅಂಥ ಸಾಲಿನಲ್ಲಿ ನಿಲ್ಲಲು ನಿನಗೆ ಇಷ್ಟವಾ?

‘ಜನರೇ ನೋಡಿಕೊಳ್ಳಲಿ’ ಅನ್ನುವ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಅದನ್ನು ತಿದ್ದುವ ಮಾತೇ ಇಲ್ಲ. ಅಲ್ಜೀರಿಯಾದಲ್ಲಿ 2021ರ ಆಗಸ್ಟಿನಲ್ಲಿ ಜನ ಹಾಗೇ ನೋಡಿಕೊಂಡರು. ಬೆಂಕಿ ಆರಿಸಲು ಕೈಜೋಡಿಸೋಣ ಅಂತ ಬೇರೆ ಊರಿಂದ ಬಂದಿದ್ದ ಒಬ್ಬ ಚಿತ್ರಕಾರನನ್ನೇ, ಬೆಂಕಿ ಇಟ್ಟವನು ಇವನು ಅಂತ ಪೊಲೀಸರ ಕೈಯಿಂದ ಎಳೆದು ಕೊಂದು ಸುಟ್ಟರು. ಮರುವರ್ಷ ಅಲ್ಲಿನ ಕೋರ್ಟು ಆ ಗುಂಪಿನ 49 ಜನರಿಗೆ ಮರಣದಂಡನೆ ಹೇಳಿತು.

ನಮ್ಮ ಕಡೆ ಹಾಗೆ ಸಿಕ್ಕಿಬೀಳುವವನು ಯಾರು? ಕಾಡಿನಲ್ಲಿ ಮೊದಲು ಕಣ್ಣಿಗೆ ಬೀಳುವವನು. ಜೇನಿಗೋ ನೆಲ್ಲಿಕಾಯಿಗೋ ಹೋದ ಸೋಲಿಗ. ನೀನೂ ಒಂದು ಕಡೆ ‘ಸೋಲಿಗರು ಅರಿವಿಲ್ಲದೆ ಬೆಂಕಿ ಹಾಕುತ್ತಾರೆ’ ಅಂತ ಬರೆದಿದ್ದೀಯ. ಅರಿವಿಲ್ಲದ್ದು ಯಾರಿಗೆ ಅಂತ ನೋಡೋಣ. ಬಿಳಿಗಿರಿರಂಗನ ಬೆಟ್ಟದ ಹಿರಿಯ ಸೋಲಿಗರನ್ನು ಕೇಳು, ‘ತರಗು ಬೆಂಕಿ’ ಅನ್ನುತ್ತಾರೆ. ಬೇಸಿಗೆಯ ಬಿಸಿಲು ಏರುವ ಮುಂಚೆ, ನೆಲದಲ್ಲಿ ಇನ್ನೂ ಪಸೆ ಇರುವಾಗ, ಉದುರಿದ ಎಲೆಗೆ ಹಾಕುವ ಸಣ್ಣ ಬೆಂಕಿ ಅದು. ತರಗು ಸುಟ್ಟು ತಾನೇ ಆರುತ್ತದೆ. 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು, ಆಮೇಲೆ ಆ ಬೆಂಕಿ ನಿಂತಿತು. ಲಾಂಟಾನ ಅನ್ನುವ ಕಳೆ ಪೊದೆ ಹಬ್ಬಿತು. ನೆಲ್ಲಿ ಮರಗಳಿಗೆ ಉಪ್ಪಿಲು, ಅಂದರೆ ಮರದ ಮೇಲೇ ಬೆಳೆದು ಅದರ ರಸ ಹೀರುವ ಬದನಿಕೆ, ಹತ್ತಿತು. ಈಗ ಬೆಂಕಿ ಬಿದ್ದರೆ ಲಾಂಟಾನ ಹಿಡಿದು ಮರದ ತುದಿಗೇ ಏರುತ್ತದೆ ಅನ್ನುತ್ತಾರೆ ಅವರು. ಕಾಡು ಓದಿದ ವಿಜ್ಞಾನಿಗಳೂ ಈ ಮಾತನ್ನು ಕೇಳಿ ಬರೆದುಕೊಂಡಿದ್ದಾರೆ. ಬೇಸಿಗೆಗೆ ಮುಂಚೆ ಇಲಾಖೆಯವರು ಸಾಲಾಗಿ ಹುಲ್ಲು ಸುಟ್ಟರೆ ಅದಕ್ಕೆ ಬೆಂಕಿ ರೇಖೆ ಅಂತ ಹೆಸರು. ಅದೇ ಕೆಲಸ ಸೋಲಿಗ ಮಾಡಿದರೆ ಕೇಸು. ನೀನು ಅವರ ಮಾತನ್ನು ಒಪ್ಪಬೇಕು ಅಂತ ನಾನು ಹೇಳುವುದಿಲ್ಲ. ಒಂದು ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಹೋಗಿ ಕೇಳದೆ ‘ಅರಿವಿಲ್ಲದೆ’ ಅಂತ ಬರೆಯಬೇಡ, ಅಷ್ಟೇ.

ಇಡೀ ಊರಿನ ಮೇವಿನ ಹಕ್ಕು ನಿಲ್ಲಿಸುವ ಸಲಹೆಯೂ ನಿನ್ನದಲ್ಲ, ಬ್ರಿಟಿಷರದು. ಆ 26ನೇ ಕಲಮಿನಲ್ಲೇ ಇದೆ, ಬೇಕಂತಲೋ ತೀರಾ ಅಜಾಗರೂಕತೆಯಿಂದಲೋ ಬೆಂಕಿ ಬಿದ್ದರೆ ಆ ಕಾಡಿನಲ್ಲಿ ಮೇವಿನ ಹಕ್ಕನ್ನೇ ತಡೆಹಿಡಿಯಬಹುದು ಅಂತ. ಈಗಿನ ಉತ್ತರಾಖಂಡದ ಕುಮಾವೂನಿನ ಬೆಟ್ಟಗಳಲ್ಲಿ ಮೇವಿಗೆ, ಸೌದೆಗೆ ಕಟ್ಟುಪಾಡು ಹಾಕಿದ್ದಕ್ಕೆ ಜನ 1921ರಲ್ಲಿ ಪೈನ್ ಕಾಡಿಗೇ ಬೆಂಕಿ ಇಟ್ಟರು. ಸರ್ಕಾರ ಕಮಿಟಿ ಮಾಡಿತು, ಕೊನೆಗೆ 1931ರಲ್ಲಿ ಊರಿನವರ ಕೈಗೇ ವನ ಪಂಚಾಯತಿ ಕೊಡುವ ನಿಯಮ ಬಂತು. ದನ ಮೇಯದ ಗುಡ್ಡಕ್ಕೆ ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಯಾರು ಓಡುತ್ತಾರೆ ಹೇಳು? ನನ್ನ ಬೆಂಕಿಗೆ ಊರು ಓಡಿ ಬಂದದ್ದು ಗುಡ್ಡ ಅವರದಾಗಿದ್ದಕ್ಕೆ.

ಚಿಕ್ಕಪುಟ್ಟವು ಕೆಲವು. ಮೊದಲ ಎರಡು ಪುಟ ತೆಗೆದುಬಿಡು, ಕಾಡು ಎಷ್ಟು ಮುಖ್ಯ ಅಂತ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಬಂಡೀಪುರದ್ದು ಅಂತ ಅಂಟಿಸಿರುವ ಸುಟ್ಟ ಜಿಂಕೆಯ ಫೋಟೋ ವಾಟ್ಸಾಪಿನದು, ಅಲ್ವಾ? ಎಲ್ಲಿಯದು ಅಂತ ಗೊತ್ತಿಲ್ಲದ ಫೋಟೋ ಹಾಕುವುದಿಲ್ಲ. ಗಾದೆ ಒಂದು ಸಾಕು, ನಾಲ್ಕಿವೆ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಬೀಡಿ ಎಸೆಯುವವರ ಬಗ್ಗೆ ಬರೆದದ್ದು ಚೆನ್ನಾಗಿದೆ, ಇಟ್ಟುಕೊ.

ಹೊಸದಾಗಿ ಬರೆಯುವಾಗ ‘ಕಿಡಿಗೇಡಿ’ ಪದ ಒಂದು ಸಲವೂ ಬರಬಾರದು. ಯಾರೋ ಒಬ್ಬನನ್ನು ತೆಗೆದುಕೊ. ಬದು ಸುಟ್ಟವನು, ಎಳೆ ಹುಲ್ಲಿಗಾಗಿ ಗುಡ್ಡ ಸುಟ್ಟ ದನಗಾಹಿ, ಲದ್ದಿಯವನು, ಯಾರಾದರೂ ಸರಿ. ಅವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅಂತ ಬರೆದು, ಆಮೇಲೆ ಶಿಕ್ಷೆ ಹೇಳು. ಗಲ್ಲೇ ಅಂತ ಬಂದರೂ ಹಾಕುತ್ತೇನೆ. ಐದು ಪುಟ ದಾಟದಿರಲಿ. ಶಿವರಾತ್ರಿಯ ಹೊತ್ತಿಗೆ ಕೈಸೇರಿದರೆ ಯುಗಾದಿ ಸಂಚಿಕೆಗೆ ಜಾಗ ಇದೆ.

ನಿನ್ನ ಹಸ್ತಪ್ರತಿಯನ್ನು ಸಂತೆ ಬೀದಿಯ ಝೆರಾಕ್ಸ್ ಅಂಗಡಿಯಲ್ಲಿ ಕೊಟ್ಟಿದ್ದೇನೆ, ತಾಳವಾಡಿಗೆ ಬಂದಾಗ ತಗೊ. ಮೂರನೇ ಪುಟದ ಮೇಲೆ ಟೀ ಬಿದ್ದಿದೆ. ಬಿದ್ದಿದ್ದಲ್ಲ, ನಾನೇ ಚೆಲ್ಲಿದ್ದು.