ಟೇಲರ್ ಸ್ವಿಫ್ಟ್ ತನ್ನ ಹಾಡುಗಳನ್ನೇ ಮತ್ತೆ ಹಾಡಿದ್ದು ಏಕೆ?

ನೀವು ಕೇಳಿದ್ದು ಎರಡು ಮಾತು: ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅಷ್ಟು ದೊಡ್ಡ ಹೆಸರು ಮಾಡಿದ್ದು ಹೇಗೆ, ಮತ್ತು ಲೋಕವೆಲ್ಲ ಕೇಳಿ ಮುಗಿಸಿದ ಹಾಡುಗಳನ್ನೇ ಆಕೆ ಮತ್ತೊಮ್ಮೆ ರೆಕಾರ್ಡ್ ಮಾಡಿದ್ದು ಏಕೆ. ಕಲಬುರಗಿಯ ಓಣಿಯೊಂದರಲ್ಲಿ ಮಕ್ಕಳಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸುತ್ತ, ಅಮಾವಾಸ್ಯೆಗೊಮ್ಮೆ ತತ್ವಪದ ಹಾಡುತ್ತ ಕಾಲ ಹಾಕುವ ನನ್ನಂಥ ಮುದುಕ ಇದಕ್ಕೆ ಉತ್ತರ ಬರೆಯುವುದು ನಗೆಗೀಡಾದೀತು. ಆದರೆ ಎರಡನೆಯ ಪ್ರಶ್ನೆಯ ಉತ್ತರವನ್ನು ನಾನು ಓದಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು. ಆಕೆಗಾದದ್ದೇ ನನಗೂ ಆಯಿತು; ಸೊನ್ನೆಗಳು ಮಾತ್ರ ಕಡಿಮೆ.

ಆಕೆಯ ಬಾಳಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು 1989ರ ಡಿಸೆಂಬರ್ 13ರಂದು, ಪೆನ್ಸಿಲ್ವೇನಿಯಾದಲ್ಲಿ. ಅಪ್ಪ ಷೇರು ವ್ಯವಹಾರದವರು, ತಾಯಿಯ ತಾಯಿ ಆಪೆರಾ ಗಾಯಕಿ. ಉಣ್ಣಲು ಉಡಲು ಕೊರತೆಯಿಲ್ಲದ ಮನೆ, ಅದನ್ನು ಮರೆಯಬಾರದು. ಮಗಳ ಹಾಡಿನ ಹುಚ್ಚಿಗಾಗಿ, ಆಕೆಗೆ ಹದಿನಾಲ್ಕಾದಾಗ, ಇಡೀ ಕುಟುಂಬವೇ ಗಂಟುಮೂಟೆ ಕಟ್ಟಿಕೊಂಡು ಕಂಟ್ರಿ ಎಂಬ ಹಳ್ಳಿ ಸೊಗಡಿನ ಸಂಗೀತದ ಪೇಟೆಯಾದ ನ್ಯಾಶ್‌ವಿಲ್‌ನ ಮಗ್ಗುಲಿಗೆ ಬಂದಿತು. ನಮ್ಮ ಕಡೆ ಮಗಳಿಗಾಗಿ ಹಾಗೆ ಊರು ಬಿಡುವ ಅಪ್ಪ ಎಷ್ಟು ಜನ? ಹೊಸದಾಗಿ ಹುಟ್ಟಿದ ಬಿಗ್ ಮೆಷಿನ್ ಎಂಬ ಕಂಪನಿ ಆಕೆಯಿಂದ ಸಹಿ ಹಾಕಿಸಿಕೊಂಡಾಗ ಆಕೆಗಿನ್ನೂ ಹದಿನೈದು. 2006ರಲ್ಲಿ ಮೊದಲ ಆಲ್ಬಮ್ ಬಂತು. ಹುಡುಗಿಗೆ ಬೇರೆ ಯಾರೋ ಬರೆದುಕೊಡುತ್ತಾರೆ ಎಂದು ಆಡಿಕೊಂಡವರು ಇದ್ದರು. 2010ರ ‘ಸ್ಪೀಕ್ ನೌ’ ಆಲ್ಬಮಿನ ಹದಿನಾಲ್ಕೂ ಹಾಡುಗಳನ್ನು ಆಕೆ ಒಬ್ಬಳೇ ಬರೆದಳು. 2014ರಲ್ಲಿ ಕಂಟ್ರಿ ಬಿಟ್ಟು ಪೂರ್ತಿ ಪಾಪ್‌ಗೆ ಹೊರಳಿದಳು. ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಕೊಡುವ ಗ್ರ್ಯಾಮಿ ನಾಲ್ಕು ಬಾರಿ ಬಂದಿದೆ. ಅಷ್ಟು ಬಾರಿ ಪಡೆದ ಗಾಯಕರು ಬೇರೆ ಯಾರೂ ಇಲ್ಲ. 2023ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ ನಡೆದ ‘ಎರಾಸ್’ ಪ್ರವಾಸದ 149 ಕಾರ್ಯಕ್ರಮಗಳಿಂದ ಬಂದದ್ದು ಇನ್ನೂರು ಕೋಟಿ ಡಾಲರ್‌ಗೂ ಮೇಲೆ. ನನಗೆ ಆ ಹಾಡುಗಳ ರುಚಿ ಹತ್ತಿದೆ ಎಂದು ಸುಳ್ಳು ಹೇಳಲಾರೆ. ಆದರೆ ಬರೆದ ಪದದ ಮೇಲೆ ಆಕೆಗಿರುವ ಹಟ ಇದೆಯಲ್ಲ, ಅದಕ್ಕೆ ಕೈ ಮುಗಿಯುತ್ತೇನೆ.

ಈಗ ನನ್ನ ಕಥೆ. 1997ರ ಬೇಸಿಗೆ. ಬೇರೆ ಊರಿನ ಕ್ಯಾಸೆಟ್ ಕಂಪನಿಯೊಂದು ಶರಣಬಸವೇಶ್ವರರ ಜಾತ್ರೆಯಲ್ಲಿ ಮಾರಲು ಭಕ್ತಿಗೀತೆ ಬೇಕೆಂದು ನನ್ನನ್ನು ಕರೆಯಿತು. ಎಂಟು ಪದ, ಎ ಬದಿಗೆ ನಾಲ್ಕು, ಬಿ ಬದಿಗೆ ನಾಲ್ಕು. ಬರೆದವನೂ ನಾನೇ, ಧಾಟಿ ಕಟ್ಟಿದವನೂ ನಾನೇ. ಸದ್ದು ಸೇರುತ್ತದೆಂದು ಫ್ಯಾನ್ ಬಂದ್ ಮಾಡಿಸಿದ್ದರು. ಕಿಟಕಿಗೆ ಗಾದಿ ಒತ್ತಿದ್ದರು. ಬೆವರಿನ ಬೆರಳು ಪೇಟಿಯ ಮನೆಗಳ ಮೇಲೆ ಜಾರುತ್ತಿದ್ದವು. ಮೂರನೆಯ ಪದದಲ್ಲಿ ನಾಲಿಗೆ ತೊಡರಿ ‘ಬಯಲು’ ಎನ್ನುವಲ್ಲಿ ‘ಬಯಲಲು’ ಎಂದೆ. ಮತ್ತೆ ಹಾಡುತ್ತೇನೆ ಎಂದರೆ, ಟೇಪಿಗೆ ದುಡ್ಡು ಬೀಳುತ್ತದೆ, ಯಾರು ಕೇಳುತ್ತಾರೆ ನಡೆಯಿರಿ ಎಂದರು. ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡು ಸಾವಿರದ ಐನೂರು ರೂಪಾಯಿ ಕೊಟ್ಟರು. ತಬಲಾದವನಿಗೆ ಮುನ್ನೂರು ಕೊಟ್ಟು, ಉಳಿದದ್ದರಲ್ಲಿ ಪೇಟಿಗೆ ಹೊಸ ತಿದಿ ಹಾಕಿಸಿದೆ. ಮರುವರ್ಷ ಜಾತ್ರೆಯ ಅಂಗಡಿಗಳಲ್ಲಿ ನನ್ನ ದನಿ ಕೇಳಿಸಿತು. ಕ್ಯಾಸೆಟ್ ತೆಗೆದು ನೋಡಿದರೆ ಹೊದಿಕೆಯ ಮೇಲೆ ಅಚ್ಚಾಗಿತ್ತು: ‘ಸಾಹಿತ್ಯ: ಜನಪದ’.

ಅದು ಚುಚ್ಚಿತು. ನಮ್ಮ ಸೀಮೆಯಲ್ಲಿ ಪದ ಕಟ್ಟಿದವನು ಕೊನೆಯ ನುಡಿಯಲ್ಲಿ ಅಂಕಿತ ಇಡುತ್ತಾನೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳಲ್ಲಿ ಗುರು ಮಹಾಂತನ ಹೆಸರು ಬರುವುದಿಲ್ಲವೇ, ಹಾಗೆ. ನಾನೂ ಇಟ್ಟಿದ್ದೆ, ಊರಿನ ಹೆಸರು ಸೇರಿಸಿ. ಎಂಟೂ ಪದಗಳಲ್ಲಿ ನಾನೇ ನನ್ನ ಹೆಸರು ಹಾಡಿದ್ದೇನೆ. ಹೊದಿಕೆ ಬರೆದ ಪುಣ್ಯಾತ್ಮ ಕೊನೆಯ ನುಡಿಯವರೆಗೆ ಕೇಳಿರಲಿಲ್ಲ.

2021ರಲ್ಲಿ ಮೊಮ್ಮಗಳು ಆ ಕ್ಯಾಸೆಟ್ಟಿನ ಒಂದು ಪದವನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕಿದಳು. ಅದೇ ದಿನ ನೋಟಿಸು ಬಂತು: ಈ ಧ್ವನಿಮುದ್ರಣ ಇಂಥವರ ಸ್ವತ್ತು. ಹಳೆಯ ಕಂಪನಿ ತನ್ನ ಕ್ಯಾಸೆಟ್ಟುಗಳನ್ನೆಲ್ಲ ಇನ್ನೊಬ್ಬರಿಗೆ ಮಾರಿಬಿಟ್ಟಿತ್ತು. ನನ್ನ ಎಂಟೂ ಪದ ಅವರ ಚಾನೆಲ್ಲಿನಲ್ಲಿ, ಜಾಹೀರಾತಿನ ಸಮೇತ. ನಾನು ತಲೆಗೆ ಕೈಹೊತ್ತು ಕುಳಿತಾಗ ಆ ಹುಡುಗಿ ನಕ್ಕು, “ಮುತ್ಯಾ, ಟೇಲರ್ ಸ್ವಿಫ್ಟ್‌ಗೂ ಇದೇ ಆಗಿದೆ” ಎಂದಳು. ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಆದದ್ದು ಇಷ್ಟು. ಹಾಡು ಬೇರೆ, ಅದರ ಧ್ವನಿಮುದ್ರಣ ಬೇರೆ. ಕಾನೂನಿನ ಕಣ್ಣಿಗೆ ಇವು ಎರಡು ಸ್ವತ್ತು. ತೊಗರಿ ಬೆಳೆಯುವ ಊರಿನವನ ಮಾತಿನಲ್ಲಿ ಹೇಳುವುದಾದರೆ, ಒಂದು ವರ್ಷದ ರಾಶಿ ಅಡತಿಗೆ ಹೋಯಿತು ಎಂದಮಾತ್ರಕ್ಕೆ ಹೊಲ ಹೋದಂತಲ್ಲ. ಸ್ವಿಫ್ಟ್ ಬರೆದ ಪದ, ಕಟ್ಟಿದ ಧಾಟಿ ಆಕೆಯ ಕೈಯಲ್ಲಿದ್ದವು. ಮೊದಲ ಆರು ಆಲ್ಬಮ್‌ಗಳ ಮೂಲ ಧ್ವನಿಮುದ್ರಣ, ಅವರು ಮಾಸ್ಟರ್ ಎನ್ನುವುದು, ಕಂಪನಿಯ ಸ್ವತ್ತು. 2018ರಲ್ಲಿ ಕರಾರು ಮುಗಿದು ಆಕೆ ಬೇರೆ ಕಂಪನಿಗೆ ಹೋದಳು. ಅಲ್ಲಿ ಮಾಸ್ಟರ್ ತನ್ನದೇ ಎಂದು ಬರೆಸಿಕೊಂಡಳು. 2019ರ ಜೂನ್‌ನಲ್ಲಿ ಬಿಗ್ ಮೆಷಿನ್ ಕಂಪನಿಯೇ ಮಾರಾಟವಾಗಿ, ಆಕೆಗೆ ಸುತರಾಂ ಆಗಿಬರದ ಸ್ಕೂಟರ್ ಬ್ರೌನ್ ಎಂಬವರ ಸಂಸ್ಥೆಯ ಪಾಲಾಯಿತು. ಮರುವರ್ಷ ಮಾಸ್ಟರ್‌ಗಳು ಶ್ಯಾಮ್‌ರಾಕ್ ಎಂಬ ಹೂಡಿಕೆ ಸಂಸ್ಥೆಗೆ ಹೋದವು. ಒಮ್ಮೆ ಹಾಡಿದ್ದನ್ನು ಇಷ್ಟು ವರ್ಷ ಮತ್ತೆ ರೆಕಾರ್ಡ್ ಮಾಡುವಂತಿಲ್ಲ ಎಂಬ ಷರತ್ತು ಇಂಥ ಕರಾರುಗಳಲ್ಲಿ ಇರುತ್ತದೆ. ಆ ಗಡುವು ದಾಟಿದ ಕೂಡಲೇ ಆಕೆ ಶುರುಮಾಡಿದಳು: 2021ರಲ್ಲಿ ‘ಫಿಯರ್‌ಲೆಸ್’ ಮತ್ತು ‘ರೆಡ್’, 2023ರಲ್ಲಿ ‘ಸ್ಪೀಕ್ ನೌ’ ಮತ್ತು ‘1989’. ಪ್ರತಿಯೊಂದರ ಹೆಸರಿನ ಮುಂದೆ ‘ಟೇಲರ್ಸ್ ವರ್ಷನ್’ ಎಂದು ಬರೆಸಿದಳು. ಅಂಕಿತ ಎಂದರೆ ಇನ್ನೇನು?

ಹದಿನೆಂಟರಲ್ಲಿ ಹಾಡಿದ್ದನ್ನು ಮೂವತ್ತೊಂದರಲ್ಲಿ ಹಾಡುವಾಗ ಗಂಟಲು ಬೇರೆಯಾಗಿರುತ್ತದೆ. ಆದರೂ ವಾದ್ಯ, ಲಯ, ಉಸಿರು ತೆಗೆದುಕೊಳ್ಳುವ ಜಾಗ ಎಲ್ಲವನ್ನೂ ಹಳೆಯದರ ಹತ್ತಿರಕ್ಕೆ ಇಟ್ಟಳು, ಕೇಳುವವರು ಹಳೆಯದನ್ನು ಬಿಟ್ಟು ಹೊಸದಕ್ಕೆ ಬರಲಿ ಎಂದು. ಅಂದು ಬಿಟ್ಟುಹೋಗಿದ್ದ ಹಾಡುಗಳನ್ನು ಪೆಟ್ಟಿಗೆಯಿಂದ ತೆಗೆದು ಸೇರಿಸಿದಳು. ಹೀಗೆ ಬಂದ ಹತ್ತು ನಿಮಿಷದ ಹಾಡೊಂದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕೊನೆಗೆ 2025ರ ಮೇ ತಿಂಗಳಲ್ಲಿ ದುಡ್ಡು ಕೊಟ್ಟು ಆ ಹಳೆಯ ಮಾಸ್ಟರ್‌ಗಳನ್ನೂ ತನ್ನದಾಗಿಸಿಕೊಂಡಳು.

ನನ್ನ ಬಳಿ ಇದ್ದದ್ದು ತಗಡಿನ ಟ್ರಂಕು. ಅದರ ತಳದಿಂದ ಆ ಛಾಪಾ ಕಾಗದದ ಪ್ರತಿ ತೆಗೆದು ಪರಿಚಯದ ವಕೀಲರಿಗೆ ತೋರಿಸಿದೆ. ಅವರು ಎರಡು ಸಲ ಓದಿ, “ಮಾಸ್ತರರೇ, ಇದರಲ್ಲಿ ಧ್ವನಿಮುದ್ರಣ ಎಂದಷ್ಟೇ ಇದೆ. ಪದವನ್ನು ನೀವು ಯಾರಿಗೂ ಬರೆದುಕೊಟ್ಟಿಲ್ಲ. ಕೊಟ್ಟಿದ್ದರೂ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾನೂನು ಐದೇ ವರ್ಷ ಎನ್ನುತ್ತದೆ” ಎಂದರು. ಪದ ನಾನೇ ಬರೆದದ್ದು ಎಂಬುದಕ್ಕೆ ಸಾಕ್ಷಿ ಏನೆಂದು ಕೇಳಿದೆ. ಕೊನೆಯ ನುಡಿ ಹಾಡಿ ತೋರಿಸಿ ಎಂದರು. ಧ್ವನಿಮುದ್ರಣ ಮಾತ್ರ ಅರವತ್ತು ವರ್ಷ ಕಂಪನಿಯದೇ, ಅದರ ಆಸೆ ಬಿಡಿ ಎಂದೂ ಹೇಳಿದರು. ನೀವೂ ಪದ ಬರೆಯುವವರಾದರೆ ಇನ್ನೊಂದು ತಿಳಿದಿರಲಿ: ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ, ಬರೆದವರಿಗೂ ರಾಗ ಹಾಕಿದವರಿಗೂ ಬರಬೇಕಾದ ರಾಯಧನದ ಪಾಲನ್ನು ಕಂಪನಿಗೆ ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ಅದು ನಡೆಯುವುದಿಲ್ಲ. ಸಹಿ ಹಾಕುವ ಮೊದಲು ಕಾಗದ ಓದಿ. ನನ್ನಂತೆ ಇಪ್ಪತ್ತೈದು ವರ್ಷದ ನಂತರ ಓದಬೇಡಿ.

2022ರಲ್ಲಿ ನಾನೂ ಮತ್ತೆ ಹಾಡಲು ಕುಳಿತೆ. ಮೊಮ್ಮಗಳ ಮೊಬೈಲು, ಅದೇ ಪೇಟಿ. ಓಣಿಯ ಮಿಕ್ಸರು, ಟಿ.ವಿ., ಕೂಲರುಗಳ ನಡುವೆ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ಮಧ್ಯಾಹ್ನ ಕರೆಂಟು ಹೋಯಿತು, ಇಡೀ ಓಣಿ ಸುಮ್ಮನಾಯಿತು. ಆ ಮುಕ್ಕಾಲು ಗಂಟೆಯಲ್ಲಿ ಮೂರು ಪದ ಮುಗಿಸಿದೆ. ‘ಬಯಲು’ ಎಂದು ಸರಿಯಾಗಿ ಹಾಡಿದೆ. ಈವರೆಗೆ ನೋಟಿಸು ಬಂದಿಲ್ಲ. ಕೇಳಿದವರು ನಾನೂರು ಜನ ಇರಬಹುದು. ಅದರಲ್ಲೊಬ್ಬರು ಕ್ಯಾಸೆಟ್ಟಿನಲ್ಲಿದ್ದ ದನಿಯೇ ಚೆನ್ನಾಗಿತ್ತು ಎಂದು ಬರೆದಿದ್ದಾರೆ. ಸತ್ಯವೇ.

ಉಳಿದ ಐದು ಬಾಕಿ ಇವೆ. ಬಿ ಬದಿಯ ಪದಗಳ ನಡುನಡುವಿನ ನುಡಿಗಳು ನನಗೆ ಮರೆತುಹೋಗಿವೆ, ಬರೆದಿಟ್ಟ ವಹಿ ಮಳೆಗೆ ಸಿಕ್ಕಿತು, ಕ್ಯಾಸೆಟ್ಟಿನ ಆ ಭಾಗ ಪ್ಲೇಯರಿಗೆ ಸುತ್ತಿಕೊಂಡು ಹರಿದಿದೆ. ಸ್ಪಷ್ಟವಾಗಿ ಕೇಳುವುದು ಅವರ ಚಾನೆಲ್ಲಿನಲ್ಲಿ ಮಾತ್ರ. ಹಾಗಾಗಿ ಸಂಜೆ ಮಕ್ಕಳು ಪಾಠ ಮುಗಿಸಿ ಹೋದ ಮೇಲೆ ಅಲ್ಲಿಗೇ ಹೋಗಿ, ಸಿಮೆಂಟಿನ ಜಾಹೀರಾತು ಮುಗಿಯುವವರೆಗೆ ಕಾದು, ನನ್ನ ಪದಗಳನ್ನು ನನ್ನಿಂದಲೇ ಬರೆದುಕೊಳ್ಳುತ್ತಿದ್ದೇನೆ.