ಆರ್ಮಾ 3: ಟೈಟನ್ ಲಾಂಚರ್ ಹೆಗಲ ಮೇಲಿದ್ದರೂ ಹೆಲಿಕಾಪ್ಟರ್ ಯಾಕೆ ಬೀಳುತ್ತಿಲ್ಲ?

ಹಾಸನದಲ್ಲಿ ನಾಲ್ಕೈದು ಗೆಳೆಯರು ಸೇರಿ ಆರ್ಮಾ 3 ಎಂಬ ಯುದ್ಧದ ಕಂಪ್ಯೂಟರ್ ಆಟ ಆಡುತ್ತೀರಿ, ವಿಮಾನ ಹೊಡೆಯುವ ಕೆಲಸ ನಿಮ್ಮ ಪಾಲಿನದು, ಆದರೆ ಹೆಗಲ ಮೇಲಿನ ಟೈಟನ್ ಮಿಸೈಲ್ ಲಾಂಚರ್ ಹಿಡಿದು ಗುರಿಯಿಟ್ಟರೆ ಅರ್ಧ ಸಲ ಲಾಕ್ (ಮಿಸೈಲ್ ಗುರಿಯನ್ನು ಕಚ್ಚಿ ಹಿಡಿಯುವುದು) ಆಗುವುದೇ ಇಲ್ಲ, ಲಾಕ್ ಆಗಿ ಹೊಡೆದರೂ ಮಿಸೈಲ್ ಫ್ಲೇರ್ (ಅದನ್ನು ದಾರಿ ತಪ್ಪಿಸಲು ಹೆಲಿಕಾಪ್ಟರ್ ಚೆಲ್ಲುವ ಬೆಂಕಿಯ ಉಂಡೆ) ಹಿಂದೆ ಹೋಗುತ್ತದೆ ಎಂದು ಕೇಳಿದ್ದೀರಿ. ಲ್ಯಾಪ್‌ಟಾಪ್ ಹಳೆಯದು, ಸೆಟ್ಟಿಂಗ್ ಎಲ್ಲ ಕಡಿಮೆಗೆ ಇಳಿಸಿದ್ದೇವೆ ಎಂದೂ ಬರೆದಿದ್ದೀರಿ. ನಿಮ್ಮ ಮೊದಲ ತೊಂದರೆಗೆ ಕಾರಣ ಬಹುಮಟ್ಟಿಗೆ ಅಲ್ಲೇ ಇದೆ.

ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ. ಈ ಆಟದಲ್ಲಿ ಟೈಟನ್ ಹೆಸರಿನ ಲಾಂಚರ್ ಎರಡಿವೆ. ಉದ್ದ ಕೊಳವೆಯದು ವಿಮಾನಕ್ಕೆ. ಕಾಂಪ್ಯಾಕ್ಟ್ ಎಂಬ ಗಿಡ್ಡದು ಟ್ಯಾಂಕ್ ಮತ್ತು ಪದಾತಿಗೆ. ಒಂದರ ಗುಂಡು ಇನ್ನೊಂದಕ್ಕೆ ಕೂರುವುದಿಲ್ಲ. ಪೆಟ್ಟಿಗೆಯಿಂದ ಅವಸರದಲ್ಲಿ ಎತ್ತಿಕೊಳ್ಳುವಾಗ ಗಿಡ್ಡದನ್ನು ತಂದು ಹೆಲಿಕಾಪ್ಟರ್ ಕಡೆ ಹಿಡಿಯುವವರು ಬಹಳ ಜನ. ಬ್ಯಾಗಿನಲ್ಲಿರುವ ಮಿಸೈಲ್ ಹೆಸರಿನಲ್ಲಿ 'ಎಎ' ಇದೆಯೇ ನೋಡಿಕೊಳ್ಳಿ. 'ಎಟಿ' ಅಥವಾ 'ಎಪಿ' ಇದ್ದರೆ ಅದು ನಿಮ್ಮ ಕೆಲಸದ್ದಲ್ಲ.

ಈಗ ಲಾಕ್ ವಿಷಯ. ಟೈಟನ್ನಿನ ಮಿಸೈಲ್ ಶಾಖ ಹುಡುಕುವಂಥದ್ದು. ಆಟದ ಒಳಗೆ ಆ ಶಾಖದ ಸೆನ್ಸರ್ ಎಷ್ಟು ದೂರ ಕಾಣುತ್ತದೆ ಎಂಬುದಕ್ಕೆ ಎರಡು ಮಿತಿ: ಒಂದು ಅದರ ಸ್ವಂತ ವ್ಯಾಪ್ತಿ, ಇನ್ನೊಂದು ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟಿರುವ ನೋಟದ ದೂರ. ಎರಡರಲ್ಲಿ ಯಾವುದು ಚಿಕ್ಕದೋ ಅದೇ ನಡೆಯುತ್ತದೆ. ವಿಡಿಯೋ ಸೆಟ್ಟಿಂಗಿನಲ್ಲಿ ಒಟ್ಟು ನೋಟದ ದೂರವನ್ನು 1200 ಮೀಟರಿಗೆ ಇಳಿಸಿದ್ದರೆ, ನಿಮ್ಮ ಮಿಸೈಲ್ ಕೂಡ 1200 ಮೀಟರಿನಾಚೆ ಕುರುಡು. ಪಕ್ಕದಲ್ಲಿ ಒಳ್ಳೆಯ ಕಂಪ್ಯೂಟರ್ ಇಟ್ಟುಕೊಂಡವರು ಅದೇ ಲಾಂಚರಿನಲ್ಲಿ ದೂರದಿಂದಲೇ ಲಾಕ್ ಹಿಡಿಯುತ್ತಾರೆ, ನಿಮಗೆ ಮಾತ್ರ ಸಿಗುವುದಿಲ್ಲ. 2017ರಲ್ಲಿ ಜೆಟ್ಸ್ ಎಂಬ ಆಟದ ಹೆಚ್ಚುವರಿ ಭಾಗದ ಜೊತೆಗೆ ಸೆನ್ಸರ್ ವ್ಯವಸ್ಥೆಯನ್ನೇ ಹೊಸದಾಗಿ ಮಾಡಿದ ಮೇಲೆ ಇದು ಹೀಗಿದೆ. ಅದಕ್ಕಿಂತ ಹಿಂದಿನ ವಿಡಿಯೋಗಳ ಸಲಹೆ ನಂಬಿದರೆ ದಾರಿ ತಪ್ಪುತ್ತೀರಿ.

ಹಳೆಯ ಲ್ಯಾಪ್‌ಟಾಪಿಗೂ ಇದಕ್ಕೆ ದಾರಿ ಇದೆ. ಸೆಟ್ಟಿಂಗಿನಲ್ಲಿ ಒಟ್ಟು ದೂರ ಬೇರೆ, ವಸ್ತುಗಳ ದೂರ ಬೇರೆ, ನೆರಳಿನ ದೂರ ಬೇರೆ. ಮನೆ, ಮರ, ಕಲ್ಲು ಎಲ್ಲವನ್ನೂ ಬಿಡಿಸಬೇಕಾದ ವಸ್ತುಗಳ ದೂರವೇ ಯಂತ್ರವನ್ನು ಹೆಚ್ಚು ಬಳಲಿಸುವುದು. ಆಕಾಶದಲ್ಲಿರುವ ಗುರಿಯನ್ನು ಶಾಖದ ಸೆನ್ಸರ್ ಹಿಡಿಯುವುದಕ್ಕೆ ಬೇಕಾದ್ದು ಒಟ್ಟು ದೂರ. ಹಾಗಾಗಿ ಒಟ್ಟು ದೂರವನ್ನು 3500ಕ್ಕೆ ಏರಿಸಿ, ವಸ್ತುಗಳದ್ದನ್ನು 1000 ಆಸುಪಾಸಿನಲ್ಲಿ ಬಿಡಿ, ನೆರಳನ್ನು ಅತಿ ಕಡಿಮೆ ಮಾಡಿ. ಇಷ್ಟರ ಮೇಲೂ ಆಟ ತಡವರಿಸಿದರೆ 3000ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಹೋಗಬೇಕಾದರೆ ವಿಮಾನ ಹೊಡೆಯುವ ಕೆಲಸವನ್ನು ಗುಂಪಿನಲ್ಲಿ ಒಳ್ಳೆಯ ಯಂತ್ರವಿರುವವರಿಗೆ ಕೊಡುವುದು ಮೇಲು. ಇನ್ನೊಂದು: ಕೆಲವು ಮಿಷನ್‌ಗಳು ತಮ್ಮದೇ ನೋಟದ ದೂರವನ್ನು ಹೇರುತ್ತವೆ. ನೀವು 3500 ಇಟ್ಟಿದ್ದರೂ ಆಟ ಶುರುವಾದ ಕೂಡಲೇ ದೂರದ ಗುಡ್ಡ ಮಾಯವಾದರೆ ಮಿಷನ್ನಿನ ಒಳಗಿನ ಮೆನುವಿನಲ್ಲಿ ಹುಡುಕಿ, ಅಥವಾ ಸರ್ವರ್ ನಡೆಸುವವರನ್ನು ಕೇಳಿ.

ದೂರ ಸರಿಯಾದ ಮೇಲೆ ಕ್ರಮ ಸರಳ. ಮೌಸ್ ಚಕ್ರದ ಮೆನುವಿನಿಂದ ಲಾಂಚರ್ ಹೆಗಲಿಗೇರಿಸಿ, ಬಲ ಗುಂಡಿಯಿಂದ ದುರ್ಬೀನಿಗೆ ಹೋಗಿ, ಎನ್ ಕೀ ಒತ್ತಿ ಶಾಖದ ನೋಟಕ್ಕೆ ಬದಲಿಸಿ. ಬಿಸಿ ಎಂಜಿನ್ ಆಕಾಶದ ಎದುರು ಎದ್ದು ಕಾಣುತ್ತದೆ. ಗುರಿಯನ್ನು ನಡುವೆ ಇಟ್ಟು ಟಿ ಕೀ ಒತ್ತಿ. ಬಿಟ್ಟು ಬಿಟ್ಟು ಬರುವ ಸದ್ದು ಕೇಳುತ್ತದೆ. ಅದು ಬದಲಾಗಿ ಲಾಕ್ ಪೂರ್ತಿಯಾಗುವವರೆಗೆ ಗುರಿ ನಡುವಿನಿಂದ ಜಾರಬಾರದು. ಬಹಳ ಜನ ಮೊದಲ ಸದ್ದಿಗೇ ಹೊಡೆದುಬಿಡುತ್ತಾರೆ, ಮಿಸೈಲ್ ನೆಟ್ಟಗೆ ಹೋಗಿ ಎಲ್ಲೋ ಬೀಳುತ್ತದೆ. ಲಾಕ್ ಪೂರ್ತಿಯಾಗಿ ಹೊಡೆದ ಮೇಲೆ ಗುರಿ ಹಿಡಿದು ನಿಲ್ಲಬೇಕಾಗಿಲ್ಲ, ತಕ್ಷಣ ಜಾಗ ಬದಲಿಸಿ. ಹೊಗೆಯ ಗೆರೆ ನಿಮ್ಮ ತಲೆಯ ಮೇಲಿಂದಲೇ ಶುರುವಾಗಿರುತ್ತದೆ.

ನೆಲದಲ್ಲಿ ಎಂಜಿನ್ ಆರಿಸಿ ನಿಂತ ಹೆಲಿಕಾಪ್ಟರಿಗೆ ಲಾಕ್ ಸಿಗುತ್ತಿಲ್ಲ ಎಂದರೆ ಅದು ದೋಷವಲ್ಲ. ತಣ್ಣಗಾದ ಎಂಜಿನ್ ಸೆನ್ಸರಿಗೆ ಕಾಣುವುದಿಲ್ಲ.

ಇನ್ನು ಫ್ಲೇರ್. ನೀವು ಹೊಡೆದ ಕ್ಷಣವೇ ಪೈಲಟ್‌ಗೆ ಎಚ್ಚರಿಕೆ ಹೋಗುತ್ತದೆ, ಅವನು ಸಿ ಕೀ ಒತ್ತಿ ಫ್ಲೇರ್ ಚೆಲ್ಲುತ್ತಾನೆ. ಕಂಪ್ಯೂಟರ್ ಪೈಲಟ್ ಕೂಡ ಚೆಲ್ಲುತ್ತದೆ. ಫ್ಲೇರ್ ಖಾಲಿಯಾಗಲಿ ಎಂದು ಕಾಯುವುದು ವ್ಯರ್ಥ: ಆಟದ ಫ್ಲೇರ್ ಪೆಟ್ಟಿಗೆಗಳಲ್ಲಿ 120, 168, 240 ಹೀಗೆ ತುಂಬಿರುತ್ತವೆ, ನಿಮ್ಮ ಬ್ಯಾಗಿನಲ್ಲಿ ಇರುವುದು ಎರಡೋ ಮೂರೋ ಮಿಸೈಲ್. ಪ್ರತಿ ಫ್ಲೇರಿಗೂ ಮಿಸೈಲ್ ಮೋಸಹೋಗುವ ಒಂದಿಷ್ಟು ಸಂಭವ ಇರುತ್ತದೆ, ಮಿಸೈಲ್ ಗಾಳಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಹೆಚ್ಚು ಫ್ಲೇರ್ ಎದುರಾಗುತ್ತದೆ. ಆದ್ದರಿಂದ ಲಾಕ್ ಸಿಕ್ಕಿತೆಂದು ಮೂರು ಕಿಲೋಮೀಟರಿನಿಂದಲೇ ಹೊಡೆಯಬೇಡಿ. ಲಾಕ್ ದೂರದಿಂದಲೇ ಸಿಗುವಂತೆ ಸೆಟ್ಟಿಂಗ್ ಇಟ್ಟುಕೊಳ್ಳುವುದು ಕಾಯಲು ಸಮಯ ಸಿಗಲಿ ಎಂದು. ಹೊಡೆಯುವುದು ಒಂದರಿಂದ ಒಂದೂವರೆ ಕಿಲೋಮೀಟರ್ ಒಳಗೆ. ತೀರಾ ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ, ನೆತ್ತಿಯ ಮೇಲೆ ಅಡ್ಡ ಹಾಯುವ ಹೆಲಿಕಾಪ್ಟರಿನ ಕಡೆ ಮಿಸೈಲ್ ಅಷ್ಟು ಬೇಗ ತಿರುಗಲಾರದು.

ಒಳ್ಳೆಯ ಘಳಿಗೆ ಎಂದರೆ ಹೆಲಿಕಾಪ್ಟರ್ ದಾಳಿ ಮುಗಿಸಿ ಮೇಲೆದ್ದು ತಿರುಗುವಾಗ, ಅಥವಾ ಜನರನ್ನು ಇಳಿಸಲು ನಿಧಾನಿಸಿದಾಗ. ಆಗ ವೇಗ ಕಡಿಮೆ, ಅಡಗಲು ಗುಡ್ಡ ಪಕ್ಕದಲ್ಲಿ ಇರುವುದಿಲ್ಲ. ಅದಕ್ಕಿಂತಲೂ ಒಳ್ಳೆಯದು ಇಬ್ಬರು ನಿಲ್ಲುವುದು. 200–300 ಮೀಟರ್ ಅಂತರದಲ್ಲಿ ಎರಡು ಲಾಂಚರ್, ಇಬ್ಬರೂ ಲಾಕ್ ಹಿಡಿದು, ಮೊದಲನೆಯವರು ಹೊಡೆದು ಮೂರು ನಾಲ್ಕು ಸೆಕೆಂಡಿಗೆ ಎರಡನೆಯವರು ಹೊಡೆಯಬೇಕು. ಮೊದಲ ಮಿಸೈಲಿಗೆ ಫ್ಲೇರ್ ಚೆಲ್ಲಿ ಹಗುರಾದ ಪೈಲಟ್‌ಗೆ ಎರಡನೆಯದು ಬೇರೆ ದಿಕ್ಕಿನಿಂದ ಬರುತ್ತದೆ. ಒಬ್ಬರೇ ಎರಡು ಹೊಡೆಯಲು ಹೋದರೆ ಆಗದು, ಟೈಟನ್ ರೀಲೋಡ್ ನಿಧಾನ, ಅಷ್ಟರಲ್ಲಿ ಹೆಲಿಕಾಪ್ಟರ್ ಗುಡ್ಡದಾಚೆ ಇರುತ್ತದೆ. ಕಾಜ್ಮನ್‌ನಂಥ ದೊಡ್ಡ ಹೆಲಿಕಾಪ್ಟರ್ ಒಂದೇ ಏಟಿಗೆ ಬೀಳದೆಯೂ ಹೋಗಬಹುದು, ಅದಕ್ಕೂ ಎರಡನೆಯದು ಬೇಕು.

ನಿಲ್ಲುವ ಜಾಗದ ಬಗ್ಗೆ ನಮ್ಮ ಕಡೆಯ ಉದಾಹರಣೆಯನ್ನೇ ಕೊಡುತ್ತೇನೆ. ಸಕಲೇಶಪುರದ ಕಾಫಿ ತೋಟದ ನಡುವೆ ನಿಂತು ತಲೆಯೆತ್ತಿದರೆ ಸಿಲ್ವರ್ ಓಕ್ ಸಂದಿಯಲ್ಲಿ ಅಂಗೈಯಗಲ ಆಕಾಶ ಕಾಣುತ್ತದೆ. ಸದ್ದು ಕೇಳಿ ತಿರುಗುವಷ್ಟರಲ್ಲಿ ಬಂದದ್ದು ಹೋಗಿರುತ್ತದೆ. ಅರಸೀಕೆರೆ ಬಯಲಿನಲ್ಲಿ ನಾಲ್ಕು ದಿಕ್ಕೂ ಕಾಣುತ್ತದೆ, ಆದರೆ ನೀವೂ ನಾಲ್ಕು ದಿಕ್ಕಿಗೂ ಕಾಣುತ್ತೀರಿ. ಬೇಕಾದ್ದು ಮುಳ್ಳಯ್ಯನಗಿರಿ ಕಡೆಯ ಹುಲ್ಲುಗಾವಲಿನಂಥ ಇಳಿಜಾರು: ತುದಿಯಲ್ಲಲ್ಲ, ತುದಿಯಿಂದ ಸ್ವಲ್ಪ ಕೆಳಗೆ, ಬೆನ್ನಿಗೆ ಗುಡ್ಡ, ಮುಂದೆ ತೆರೆದ ಆಕಾಶ. ಆಟದ ಆಲ್ಟಿಸ್ ದ್ವೀಪದಲ್ಲಿ ಇಂಥ ಇಳಿಜಾರಿಗೆ ಬರವಿಲ್ಲ. ಮರದ ಕೆಳಗಿನಿಂದ ಮಾತ್ರ ಹೊಡೆಯಲೇಬೇಡಿ. ಮಿಸೈಲ್ ಕೊಂಬೆಗೆ ತಗುಲಿ ನಿಮ್ಮ ಎದುರೇ ಸಿಡಿಯುತ್ತದೆ.

ಸ್ವಂತದವರನ್ನೇ ಹೊಡೆಯುವ ಅಪಾಯ ದೊಡ್ಡದು. ಲಾಂಚರಿಗೆ ಬೇಕಾದ್ದು ಶಾಖ, ಅದು ಯಾರದಾದರೂ ಸರಿ. ಕಾಜ್ಮನ್‌ಗೆ ಒಂದರ ಮೇಲೊಂದು ಎರಡು ರೆಕ್ಕೆಚಕ್ರ ಇರುತ್ತವೆ, ಅದೊಂದನ್ನು ದೂರದಿಂದಲೇ ಗುರುತಿಸಬಹುದು. ಉಳಿದವನ್ನು ರೇಡಿಯೋದಲ್ಲಿ ಕೇಳಿಯೇ ಹೊಡೆಯಿರಿ.

ಅಭ್ಯಾಸಕ್ಕೆ ಆಟದೊಳಗೇ ಇರುವ, ಮಿಷನ್ ಕಟ್ಟುವ ಈಡನ್ ಎಡಿಟರ್ ಸಾಕು. ಪಟ್ಟಿಯಿಂದ ವಿಮಾನ ಹೊಡೆಯುವ ಮಿಸೈಲ್ ಸೈನಿಕನನ್ನು ನೀವಾಗಿ ಇಡಿ, ಪಕ್ಕಕ್ಕೆ ಲಾಂಚರ್ ಪೆಟ್ಟಿಗೆ, ಮೂರು ಕಿಲೋಮೀಟರ್ ಆಚೆ ಶತ್ರುವಿನ ಓರ್ಕಾ ಹೆಲಿಕಾಪ್ಟರ್. ಅದಕ್ಕೆ ನಿಮ್ಮ ಸುತ್ತ ಮೂರು ನಾಲ್ಕು ದಾರಿ ಗುರುತು ಹಾಕಿ, ಕೊನೆಯದನ್ನು ಸೈಕಲ್ ಮಾಡಿ, ಗುಂಡು ಹಾರಿಸದಂತೆ ಆದೇಶ ಕೊಡಿ. ಮೊದಲ ಹತ್ತು ಸುತ್ತು ಹೊಡೆಯಬೇಡಿ, ಲಾಕ್ ಹಿಡಿದು ಬಿಡುವುದನ್ನಷ್ಟೇ ಮಾಡಿ. ನೋಟದ ದೂರವನ್ನು 1200, 2000, 3500 ಎಂದು ಬದಲಿಸುತ್ತ ಲಾಕ್ ಎಲ್ಲಿ ಶುರುವಾಗುತ್ತದೆ ನೋಡಿದರೆ ನಿಮ್ಮ ಯಂತ್ರಕ್ಕೆ ಸರಿಹೊಂದುವ ಸಂಖ್ಯೆ ನಿಮಗೇ ಸಿಗುತ್ತದೆ.

ಗುಂಪಿನಲ್ಲಿ ಎಸಿಇ ಮಾಡ್ (ಮೂಲ ಆಟವನ್ನು ಬದಲಿಸಲು ಮೇಲಿಂದ ಹಾಕುವ ಸೇರ್ಪಡೆ) ಹಾಕಿದ್ದರೆ ಒಂದು ಎಚ್ಚರಿಕೆ. ಮೂಲ ಆಟದಲ್ಲಿ ಲಾಂಚರಿನ ಹಿಂದಿನ ಬೆಂಕಿ ಯಾರಿಗೂ ತಾಗುವುದಿಲ್ಲ, ಎಸಿಇಯಲ್ಲಿ ತಾಗುತ್ತದೆ. ಹಿಂದೆ ನಿಂತ ಗೆಳೆಯ ಬೀಳುತ್ತಾನೆ, ಬೆನ್ನ ಹಿಂದೆ ಗೋಡೆ ಇದ್ದರೆ ಏಟು ತಿರುಗಿ ನಿಮಗೇ ಬರುತ್ತದೆ. ಕೋಣೆಯ ಕಿಟಕಿಯಿಂದ ಹೊಡೆಯುವ ಅಭ್ಯಾಸವಿದ್ದರೆ ಬಿಡಿ. ಹೊಡೆಯುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡಿ, ರೇಡಿಯೋದಲ್ಲಿ ಹೇಳಿ, ಆಮೇಲೆ ಲಾಕ್‌ಗೆ ಟಿ ಒತ್ತಿ.