ಮಡಗಾಸ್ಕರ್ ತೀರದ 'ವಿ' ಆಕಾರದ ಮರಳು ದಿಬ್ಬಗಳನ್ನು ಮಾಡಿದ್ದು ಗಾಳಿಯೋ, ಸುನಾಮಿಯೋ?

ಗಾಳಿಯೇ ಅಂತ ನನ್ನ ಅಭಿಪ್ರಾಯ.

ಸುಮಾರು 5,000 ವರ್ಷಗಳ ಹಿಂದೆ ಹಿಂದೂ ಮಹಾಸಾಗರಕ್ಕೆ ಆಕಾಶಕಾಯವೊಂದು ಬಿದ್ದು, ಆಗ ಎದ್ದ ದೈತ್ಯ ಅಲೆ ಈ ಮರಳನ್ನು ತಂದು ಸುರಿಯಿತು ಎಂದವರು ಭೂವಿಜ್ಞಾನಿ ಡಲ್ಲಾಸ್ ಅಬಾಟ್ ಮತ್ತು ಸಂಗಡಿಗರು. ಸಮುದ್ರದ ತಳದಲ್ಲಿ ಸುಮಾರು 29 ಕಿ.ಮೀ. ಅಗಲವಿರುವ ಬರ್ಕಲ್ ಕುಳಿಯೇ ಅದರ ಗುರುತು ಅಂತಾರೆ. ಮರಳಲ್ಲಿ ಕಡಲಜೀವಿಗಳ ಸಣ್ಣ ಚಿಪ್ಪುಗಳಿರುವುದು ಇನ್ನೊಂದು ಸಾಕ್ಷಿ. ಆದರೆ ಅಂಥ ಚಿಪ್ಪು ಬೀಚಿನ ಮರಳಲ್ಲೂ ಇರುತ್ತೆ ಅಲ್ವಾ? ಗಾಳಿ ಅದನ್ನೂ ಹೊತ್ತೊಯ್ಯುತ್ತದೆ.

ನನಗೆ ಮುಖ್ಯ ಅನ್ನಿಸೋದು ದಿಕ್ಕು. 2009ರಲ್ಲಿ ವಿಜ್ಞಾನಿಗಳಾದ ಜೋಡಿ ಬೂರ್ಜ್ವಾ ಮತ್ತು ರಾಬರ್ಟ್ ವೈಸ್ ಕಂಪ್ಯೂಟರಿನಲ್ಲಿ ಸುನಾಮಿ ಎಬ್ಬಿಸಿ ನೋಡಿದರು. ಅಲೆ ಆಳ ಕಡಿಮೆಯಾದಂತೆ ಬಾಗುತ್ತದೆ, ಹೆಚ್ಚುಕಡಿಮೆ ದಡಕ್ಕೆ ನೇರವಾಗಿ ಬಡಿಯುತ್ತದೆ. ದಿಬ್ಬಗಳು ಹಾಗೆ ನಿಂತಿಲ್ಲ. ಅಲ್ಲಿ ಸದಾ ಬೀಸುವ ಗಾಳಿಯ ದಿಕ್ಕಿಗೇ ಮಲಗಿವೆ.

'ವಿ' ಆಕಾರಕ್ಕೂ ಸುನಾಮಿ ಬೇಕಿಲ್ಲ. ದಿಬ್ಬದ ಎರಡು ಅಂಚಿನಲ್ಲಿ ಹುಲ್ಲು, ಕುರುಚಲು ಬೆಳೆದು ಮರಳನ್ನು ಹಿಡಿದಿಡುತ್ತವೆ. ನಡುವಿನ ಬರಿ ಮರಳನ್ನು ಗಾಳಿ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಅಂಚು ಹಿಂದೆ ಉಳಿದು, ಮೂತಿ ಮುಂದೆ ಹೋಗುತ್ತದೆ. ಇಂಥ ದಿಬ್ಬಗಳು ಬೇರೆ ಕಡಲತೀರಗಳಲ್ಲೂ ಇವೆ. ಕಡಲಿಲ್ಲದ ರಾಜಸ್ಥಾನದ ಥಾರ್ ಮರುಭೂಮಿಯಲ್ಲಂತೂ ಬೇಕಾದಷ್ಟಿವೆ.